ಎತ್ತರಿಸಿದ ಹಳೆಯ ಜೀಪು-ಪಿಕಪ್‌ಗಳಿಗೆ ಶಾಕ್ ಅಬ್ಸಾರ್ಬರ್‌ಗಳ ಆಯ್ಕೆ

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ಭಾಗದ ಕಾಫಿ ತೋಟಗಳಲ್ಲಿ ನಾಲ್ಕು ಚಕ್ರಗಳಿಗೂ ಎಳೆತವಿರುವ ಹಳೆಯ ಜೀಪು ಮತ್ತು ಪಿಕಪ್‌ಗಳು ಇಂದಿಗೂ ದುಡಿಯುತ್ತಿವೆ. ಮಳೆಗಾಲಕ್ಕೆ ಮುನ್ನ ಸುಣ್ಣ, ಗೊಬ್ಬರ, ಕೊಯ್ಲಿನ ಕಾಲದಲ್ಲಿ ಕಾಫಿ ಚೀಲಗಳು ಇವುಗಳ ಮೇಲೆಯೇ ಸಾಗಬೇಕು. ಮಳೆನೀರು ಕೊರೆದ ತೋಟದ ದಾರಿಯಲ್ಲಿ ಕಲ್ಲು ತಳಕ್ಕೆ ತಾಗದಿರಲೆಂದು ಕೆಲವರು ವಾಹನವನ್ನು 4-5 ಸೆಂ.ಮೀ. ಎತ್ತರಿಸಿಕೊಳ್ಳುವುದುಂಟು. ಹೀಗೆ ಎತ್ತರಿಸಿದ ಮೇಲೆ ಹಳೆಯ ಶಾಕ್‌ಗಳನ್ನೇ ಉಳಿಸಿಕೊಳ್ಳುವುದು ತಪ್ಪು. ಅಳತೆ ನೋಡದೆ ಉದ್ದನೆಯ ಶಾಕ್ ತಂದು ಹಾಕುವುದು ಅದಕ್ಕಿಂತ ದೊಡ್ಡ ತಪ್ಪು.

ಶಾಕ್‌ನ ಕೆಲಸ

ಮಹೀಂದ್ರ ಎಂ.ಎಂ. 540ರಂತಹ ಹಳೆಯ ಜೀಪುಗಳಲ್ಲಿ ಮುಂದೆಯೂ ಹಿಂದೆಯೂ ಪಟ್ಟಿ ಸ್ಪ್ರಿಂಗ್‌ಗಳಿರುತ್ತವೆ. ಭಾರ ಹೊರುವುದು ಈ ಪಟ್ಟಿಗಳೇ ಹೊರತು ಶಾಕ್ ಅಲ್ಲ. ಸ್ಪ್ರಿಂಗ್ ಕುಣಿದಾಗ ಶಾಕ್‌ನೊಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಗ್ಗುತ್ತದೆ. ಕುಣಿತದ ಶಕ್ತಿ ಶಾಖವಾಗಿ ಹೊರಹೋಗುತ್ತದೆ. ಈ ಹಿಡಿತ ತಪ್ಪಿದರೆ ಚಕ್ರ ನೆಲ ಬಿಟ್ಟು ಪುಟಿಯುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ. ಹೊರೆ ಹೊತ್ತು ಒದ್ದೆ ಇಳಿಜಾರಿನಲ್ಲಿ ಇಳಿಯುವ ವಾಹನದಲ್ಲಿ ಇದು ಪ್ರಾಣಕ್ಕೇ ಅಪಾಯ.

ಎರಡು ಅಳತೆಗಳು

ವಾಹನವನ್ನು ಎತ್ತರಿಸಿದಾಗ ಚಕ್ರ ಕೆಳಗೆ ಇಳಿಯುವ ಮಿತಿ ಹೆಚ್ಚುತ್ತದೆ. ಆದರೆ ಮೇಲೇರುವ ಮಿತಿ ಬದಲಾಗುವುದಿಲ್ಲ. ಚಾಸಿಸ್ ಕೆಳಗಿನ ತಡೆರಬ್ಬರು ಇದ್ದಲ್ಲೇ ಇರುತ್ತದೆ. ಆದ್ದರಿಂದ ಬಿಚ್ಚಿದಾಗ ಉದ್ದವಾಗುವ, ಮುಚ್ಚಿದಾಗ ಮಾತ್ರ ಮೊದಲಿನಷ್ಟೇ ಗಿಡ್ಡವಾಗುವ ಶಾಕ್ ಬೇಕು. ಕೊಳ್ಳುವ ಮೊದಲು ಹೀಗೆ ಅಳೆಯಬೇಕು:

1. ಮಟ್ಟಸ ನೆಲದಲ್ಲಿ, ಎಂದಿನ ಹೊರೆಯೊಡನೆ, ಶಾಕ್‌ನ ಮೇಲಿನ ಮತ್ತು ಕೆಳಗಿನ ಬೋಲ್ಟ್‌ಗಳ ನಡುವಿನ ಅಂತರ ಅಳೆಯಿರಿ. ಇದರಿಂದ ತಡೆರಬ್ಬರು ತಾಗಲು ಉಳಿದಿರುವ ಸಂದನ್ನು ಕಳೆಯಿರಿ. ಇದು ಮುಚ್ಚಿದ ಅಳತೆ.

2. ಹೊರೆ ಇಳಿಸಿ, ಹಳೆಯ ಶಾಕ್ ಬಿಚ್ಚಿ, ಚಾಸಿಸ್ ಅನ್ನು ಜಾಕಿಯಿಂದ ಎತ್ತಿ ಗಟ್ಟಿಯಾದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಚಕ್ರಗಳು ಪೂರ್ತಿ ಜೋತುಬಿದ್ದಾಗ ಅದೇ ಅಂತರ ಅಳೆಯಿರಿ. ಇದು ಬಿಚ್ಚಿದ ಅಳತೆ. ಬರಿಯ ಜಾಕಿಯನ್ನು ನಂಬಿ ವಾಹನದ ಕೆಳಗೆ ಹೋಗಕೂಡದು.

ಉದಾಹರಣೆಗೆ, ಮೊದಲನೆಯದು 34 ಸೆಂ.ಮೀ., ಎರಡನೆಯದು 50.5 ಸೆಂ.ಮೀ. ಬಂದಿದೆಯೆನ್ನೋಣ. ರಬ್ಬರು ಅದುಮಿಕೊಳ್ಳುವುದಕ್ಕೆ 2 ಸೆಂ.ಮೀ. ಬಿಟ್ಟರೆ, ಹೊಸ ಶಾಕ್ ಮುಚ್ಚಿದಾಗ 32 ಸೆಂ.ಮೀ. ಮೀರಬಾರದು. ಕೆಳಗೆ 1.5 ಸೆಂ.ಮೀ. ಬಿಟ್ಟರೆ, ಬಿಚ್ಚಿದಾಗ 52 ಸೆಂ.ಮೀ.ಗೆ ಕಡಿಮೆಯಿರಬಾರದು. ಮುಚ್ಚಿದಾಗ 36 ಸೆಂ.ಮೀ. ಇರುವ ಶಾಕ್ ಹಾಕಿದರೆ, ಹೊರೆಯ ವಾಹನ ಕೊರಕಲಿಗೆ ಬಿದ್ದಾಗ ತಡೆರಬ್ಬರಿಗಿಂತ ಮೊದಲೇ ಶಾಕ್ ತಳ ಮುಟ್ಟುತ್ತದೆ. ರಾಡು ಬಾಗುತ್ತದೆ ಇಲ್ಲವೇ ಬ್ರಾಕೆಟ್ ಕಿತ್ತುಬರುತ್ತದೆ. ಮುಂದಿನ ಹಾಗೂ ಹಿಂದಿನ ಅಳತೆಗಳು ಬೇರೆಯಾಗಿರುವುದರಿಂದ ಎರಡನ್ನೂ ಪ್ರತ್ಯೇಕವಾಗಿ ಬರೆದುಕೊಳ್ಳಬೇಕು.

ಎಷ್ಟು ಬಿಗಿ ಇರಬೇಕು?

ಎತ್ತರಿಸಿದ ರೀತಿಯನ್ನು ಅನುಸರಿಸಿ ಇದನ್ನು ನಿರ್ಧರಿಸಬೇಕು. ಉದ್ದನೆಯ ಶಾಕಲ್ ಹಾಕಿದ್ದರೆ ಸ್ಪ್ರಿಂಗ್‌ನ ಬಿಗಿ ಬಹುಪಾಲು ಹಾಗೆಯೇ ಇರುತ್ತದೆ. ಮೂಲ ಶಾಕ್‌ನಷ್ಟೇ ಬಿಗಿ ಸಾಕು. ಹೆಚ್ಚುವರಿ ಪಟ್ಟಿ ಸೇರಿಸಿದ್ದರೆ ಸ್ಪ್ರಿಂಗ್ ಬಲವಾಗಿ ಹಿಂದಕ್ಕೆ ಪುಟಿಯುತ್ತದೆ. ಬಿಚ್ಚಿಕೊಳ್ಳುವಾಗ ಹೆಚ್ಚು ತಡೆಯುವ ಶಾಕ್ ಬೇಕು. ಆದರೆ ಅತಿ ಬಿಗಿಯಾದರೆ ಖಾಲಿ ವಾಹನ ಕಲ್ಲಿನ ಮೇಲೆ ಹಾರುತ್ತದೆ.

ಸಾಮಾನ್ಯ ಎಣ್ಣೆ ಶಾಕ್ ಅಗ್ಗ. ತೋಟದೊಳಗಿನ ನಿಧಾನ ಓಡಾಟಕ್ಕೆ ಸಾಕಾಗುತ್ತದೆ. ಕುಲುಕುವ ದಾರಿಯಲ್ಲಿ ಬಹುಹೊತ್ತು ಓಡಿದರೆ ಅದರ ಎಣ್ಣೆ ಬಿಸಿಯಾಗಿ ನೊರೆಗಟ್ಟಿ ಹಿಡಿತ ಕುಗ್ಗುತ್ತದೆ. ನೈಟ್ರೋಜನ್ ಅನಿಲ ತುಂಬಿದ ಶಾಕ್‌ನಲ್ಲಿ ನೊರೆ ಕಡಿಮೆ. ತೋಟದಿಂದ ಪೇಟೆಗೆ ದಿನವೂ ಹೊರೆ ಒಯ್ಯುವವರಿಗೆ ಇದು ಮೇಲು.

ಜೋಡಿಸುವಾಗ ಗಮನಿಸಬೇಕಾದ ಅಂಶಗಳು

1. ಒಂದು ಆಕ್ಸಲ್‌ನ ಎರಡೂ ಶಾಕ್‌ಗಳನ್ನು ಒಟ್ಟಿಗೆ ಬದಲಿಸಬೇಕು.

2. ಹೊಸ ಎಣ್ಣೆ ಶಾಕ್ ಅನ್ನು ನೇರವಾಗಿ ನಿಲ್ಲಿಸಿ, ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ ಗಾಳಿ ಹೋಗಲಾಡಿಸಬೇಕು.

3. ಚಕ್ರ ಜೋತುಬಿದ್ದಾಗ ಬ್ರೇಕಿನ ರಬ್ಬರ್ ಹೋಸು ಬಿಗಿಯಾಗಬಾರದು. ಬಿಗಿಯಾದರೆ ಉದ್ದನೆಯದನ್ನು ಹಾಕಿಸಬೇಕು.

4. ಬುಷ್‌ನ ಬೋಲ್ಟ್‌ಗಳನ್ನು ವಾಹನ ತನ್ನ ಚಕ್ರಗಳ ಮೇಲೆ ನಿಂತ ನಂತರ ಕೊನೆಯ ಬಾರಿ ಬಿಗಿಗೊಳಿಸಬೇಕು.

ಶಾಕ್‌ನ ಮೈಮೇಲೆ ಎಣ್ಣೆ ಇಳಿದಿದ್ದರೆ, ಟೈರು ಅಲ್ಲಲ್ಲಿ ಗುಳಿಬಿದ್ದಂತೆ ಸವೆದಿದ್ದರೆ, ಅಥವಾ ಬಂಪರನ್ನು ಒತ್ತಿಬಿಟ್ಟಾಗ ವಾಹನ ಎರಡು-ಮೂರು ಸಲ ಕುಣಿದರೆ ಶಾಕ್ ಬದಲಿಸುವ ಕಾಲ ಬಂದಿದೆಯೆಂದು ತಿಳಿಯಬೇಕು. ಮಳೆಗೆ ಮುನ್ನ ಮತ್ತು ಕೊಯ್ಲಿಗೆ ಮುನ್ನ, ವರ್ಷಕ್ಕೆ ಎರಡು ಬಾರಿ ಈ ಪರೀಕ್ಷೆ ಮಾಡುವುದು ಒಳ್ಳೆಯದು.

ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೇ ಕಲಮು ನಿರ್ಬಂಧಿಸುತ್ತದೆ. ಆದುದರಿಂದ ರಸ್ತೆಗಿಳಿಯುವ ವಾಹನವನ್ನು ಎತ್ತರಿಸುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಅನಂತರ ಮೇಲಿನ ಎರಡು ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಬೇಕು. ವಾಹನದ ಹೆಸರು ಹೇಳಿ ಕೇಳಿದರೆ ಸಿಗುವುದು ಎತ್ತರಿಸದ ವಾಹನದ ಶಾಕ್; ಅಳತೆ ಹೇಳಿ ಕೇಳಿದರೆ ಮಾತ್ರ ತಮ್ಮ ವಾಹನಕ್ಕೆ ಹೊಂದುವ ಶಾಕ್ ದೊರೆಯುತ್ತದೆ.