ಎರಡೂ ಕೈಯಾಗ ಎಲೆ ಇದ್ದಾಗ ಫೋಟೋ ತೆಗೆಯೋರು ಯಾರು?

ಮೂರು ವರ್ಷದ ಹಿಂದಿನ ಮಾತು. ಬೈಲಹೊಂಗಲ ಹತ್ತಿರದ ನಮ್ಮ ಎರಿ ಹೊಲದಾಗ ಅರ್ಧ ಎಕರೆ ಬ್ಯಾಡಗಿ ಮೆಣಸಿನಗಿಡ ಹಚ್ಚಿದ್ದೆ. ಹೂ ಬಿಡೋ ಹೊತ್ತಿಗೆ ಒಂದಿನ ಮುಂಜಾನೆ ನೋಡಿದರೆ ಹದಿನೈದು-ಇಪ್ಪತ್ತು ಗಿಡದ ಕುಡಿ ಮುಟುರಿಕೊಂಡಿತ್ತು. ಹೊಲದಾಗ ನಾ ಒಬ್ಬನೇ. ಎಡಗೈಯಿಂದ ಎಲೆ ಮಗುಚಿ ಹಿಡಿದೆ, ಬಲಗೈಯಾಗ ಫೋನ್ ಹಿಡಿದು ಹೆಬ್ಬೆರಳಿಂದ ಬಟನ್ ಒತ್ತಿದೆ. ಗಾಳಿಗೆ ಕುಡಿ ಅಲುಗಿತು, ಒತ್ತಿದ ರಭಸಕ್ಕೆ ಫೋನೂ ಅಲುಗಿತು. ಬಂದಿದ್ದು ಹಸಿರು ಮಂಜಿನಂಥ ಒಂದು ಫೋಟೋ.

ಅದನ್ನೇ ಪರಿಚಯದ ತಜ್ಞರೊಬ್ಬರಿಗೆ ಕಳಿಸಿದೆ. "ಸರಿಯಾಗಿ ಕಾಣವಲ್ದು. ಮೈಟ್ ನುಸಿ ಇರಬಹುದು, ಇನ್ನೊಂದು ಫೋಟೋ ಕಳಿಸ್ರಿ" ಅಂದರು. ನಾನು 'ಮೈಟ್ ನುಸಿ' ಅನ್ನೋದಷ್ಟೇ ಕೇಳಿಸಿಕೊಂಡೆ, ಇನ್ನೊಂದು ಫೋಟೋ ಕಳಿಸಲಿಲ್ಲ. ಎರಡು ಸಲ ಗಂಧಕ ಸಿಂಪಡಿಸಿದೆ. ಹನ್ನೆರಡು ದಿನ ಹೋದವು, ಮುಟುರು ಅರ್ಧ ಹೊಲಕ್ಕೆ ಹಬ್ಬಿತು. ಕಡೆಗೆ ಗೊತ್ತಾಗಿದ್ದು, ಅದು ಥ್ರಿಪ್ಸ್. ತೋಟಗಾರಿಕೆ ಓದಿದವನು ನಾನು, ಅವಸರದಾಗ ಎಲೆ ಮೇಲಕ್ಕೆ ಮುಟುರೈತೋ ಕೆಳಕ್ಕೋ ಅಂತ ನಿಂತು ನೋಡಲಿಲ್ಲ. ಅವತ್ತು ಎರಡು ಕೈ ಖಾಲಿ ಇದ್ದು, ಒಂದು ಸ್ಪಷ್ಟ ಫೋಟೋ ಸಿಕ್ಕಿದ್ದರೆ ಆ ಬೆಳೆ ಉಳೀತಿತ್ತು.

ಆ ಎರಡು ಕೈ ಖಾಲಿ ಮಾಡಿಕೊಡೋ ಸೌಲಭ್ಯ ನಿಮ್ಮ ಫೋನಿನಾಗ ಐತಿ. ಅದೇ ಟೈಮರ್. ನಾವು ಅದನ್ನ ಜಾತ್ರಿಯಾಗ ಗುಂಪು ಫೋಟೋಕ್ಕಷ್ಟೇ ಬಳಸ್ತೀವಿ. ಈ ವಾರ ಅದನ್ನ ಹೊಲಕ್ಕೆ ಒಯ್ಯೋಣ.

ಸ್ಪಷ್ಟ ಫೋಟೋ ಯಾಕೆ ಬೇಕು?

ಮೆಣಸಿನ ಮುಟುರು ರೋಗ ಅಂತ ನಾವು ಒಂದೇ ಹೆಸರಿಂದ ಕರೆಯೋದರ ಹಿಂದೆ ಬೇರೆ ಬೇರೆ ಕಾರಣ ಇರ್ತಾವೆ.

ಥ್ರಿಪ್ಸ್ ನುಸಿ: ಎಲೆಯ ಅಂಚು ಮೇಲ್ಮುಖವಾಗಿ ಮುಟುರುತ್ತದೆ, ದೋಣಿಯ ಹಂಗ. ಕುಡಿಯನ್ನ ಬಿಳಿ ಹಾಳೆ ಮೇಲೆ ಜಾಡಿಸಿದರೆ ಸಣ್ಣ ಗೆರೆಯಂಥ ಹುಳ ಓಡಾಡೋದು ಬರಿಗಣ್ಣಿಗೇ ಕಾಣ್ತದೆ.

ಮೈಟ್ ನುಸಿ: ಎಲೆ ಕೆಳಮುಖವಾಗಿ ಮುಟುರುತ್ತದೆ, ಬೋರಲು ಹಾಕಿದ ದೋಣಿಯ ಹಂಗ. ಎಲೆಯ ತೊಟ್ಟು ಉದ್ದ ಆಗ್ತದೆ. ಈ ನುಸಿ ಬರಿಗಣ್ಣಿಗೆ ಕಾಣೋದಿಲ್ಲ ಅಂದರೂ ಸರಿ, ಹತ್ತು ಪಟ್ಟು ದೊಡ್ಡದು ಮಾಡೋ ಭೂತಗನ್ನಡಿ ಬೇಕು.

ನಂಜಾಣು: ಎಲೆ ಸಣ್ಣದಾಗಿ, ಹಳದಿ ಬಣ್ಣಕ್ಕೆ ತಿರುಗಿ, ಗಿಡ ಗಿಡ್ಡ ಉಳೀತದೆ. ಇದನ್ನ ಹಬ್ಬಿಸೋದು ಬಿಳಿ ನೊಣ.

ಇದರ ಜೋಡಿ 2021ರಲ್ಲಿ ದಕ್ಷಿಣದ ಮೆಣಸಿನ ಹೊಲಗಳನ್ನ ಹಾಳು ಮಾಡಿದ ಕಪ್ಪು ಥ್ರಿಪ್ಸ್ ಐತಿ. ಅದು ಹೆಚ್ಚಾಗಿ ಹೂವಿನೊಳಗೆ ಕೂಡ್ತದೆ. ಹೂ ಬಿಡಿಸಿ ತೋರಿಸದಿದ್ದರೆ ಯಾವ ತಜ್ಞರಿಗೂ ಕಾಣೋದಿಲ್ಲ.

ಉಪಾಯನೂ ಬೇರೆ ಬೇರೆ. ಗಂಧಕ ಮೈಟ್‌ಗೆ ನಡೀತದೆ, ಥ್ರಿಪ್ಸ್ ಅದಕ್ಕೆ ಜಗ್ಗೋದಿಲ್ಲ. ಥ್ರಿಪ್ಸ್‌ಗೆ ನೀಲಿ ಅಂಟು ಹಾಳೆ, ಬೇವಿನ ಕಷಾಯದಂಥ ದಾರಿ ಹಿಡಿಯಬೇಕು. ನಂಜಾಣು ಹತ್ತಿದ ಗಿಡಕ್ಕೆ ಔಷಧಿಯೇ ಇಲ್ಲ, ಕಿತ್ತು ಹಾಕಬೇಕು. ಅಂದರೆ ಮೇಲಕ್ಕೋ ಕೆಳಕ್ಕೋ ಅನ್ನೋ ಒಂದು ಮಾತಿನ ಮೇಲೆ ನಿಮ್ಮ ರೊಕ್ಕ, ವೇಳೆ, ಬೆಳೆ ಮೂರೂ ನಿಂತಾವೆ. ಆ ಮಾತು ಫೋಟೋದಾಗ ಕಾಣಬೇಕು.

ಟ್ರೇ ಮೇಲೆ ಫೋನ್, ಕೆಳಗೆ ಹಾಳೆ

ನಾನು ಎರಡು ವರ್ಷದಿಂದ ಬಳಸೋ ವಿಧಾನ ಇದು. ಖರ್ಚು ಏನೂ ಇಲ್ಲ. ಬೇಕಾದ್ದು: ಒಂದು ಟೊಮ್ಯಾಟೊ ಟ್ರೇ, ಒಂದು ಬಿಳಿ ಹಾಳೆ, ಒಂದು ಹಳೇ ಟವೆಲ್, ಒಂದು ಮಣ್ಣಿನ ಹೆಂಟಿ.

1. ಮೊದಲು ಕ್ಯಾಮೆರಾದ ಗಾಜನ್ನ ಮೆತ್ತನ ಅರಿವೆಯಿಂದ ಒರೆಸಿರಿ. ಬೆವರು, ಧೂಳು ಹತ್ತಿದ ಗಾಜೇ ಅರ್ಧ ಫೋಟೋ ಕೆಡಿಸ್ತದೆ.

2. ಟ್ರೇ ಬೋರಲು ಹಾಕಿರಿ. ಅದರ ಅಂಚಿಗೆ ಫೋನ್ ಮಲಗಿಸಿರಿ. ಹಿಂದಿನ ಕ್ಯಾಮೆರಾ ಇರೋ ಭಾಗ ಅಷ್ಟೇ ಅಂಚು ದಾಟಿ ಹೊರಗೆ ಇರಲಿ. ಸ್ಕ್ರೀನ್ ಆಕಾಶ ನೋಡ್ತಿರಲಿ, ಕ್ಯಾಮೆರಾ ನೆಲ ನೋಡ್ತಿರಲಿ.

3. ಫೋನ್ ಜೋಲಿ ಹೊಡೆದು ಬೀಳದಂಗ ಇನ್ನೊಂದು ತುದಿ ಮೇಲೆ ಟವೆಲ್ ಮಡಿಚಿ ಇಟ್ಟು, ಅದರ ಮೇಲೆ ಹೆಂಟಿ ಇಡ್ರಿ. ನಮ್ಮ ಎರಿ ಹೊಲದಾಗ ಹೆಂಟಿಗೇನು ಬರ ಇಲ್ಲ.

4. ಕ್ಯಾಮೆರಾದ ಕೆಳಗೆ ನೆಲದ ಮೇಲೆ ಬಿಳಿ ಹಾಳೆ ಇಡ್ರಿ. ಝೂಮ್ ಎರಡು ಪಟ್ಟು ಮಾಡ್ರಿ. ಎಲೆಯನ್ನ ಕ್ಯಾಮೆರಾಕ್ಕೆ ತೀರಾ ಹತ್ತಿರ ಒಯ್ಯಬ್ಯಾಡ್ರಿ, ಒಂದು ಗೇಣಿನಷ್ಟಾದರೂ ಅಂತರ ಇರಲಿ. ಹತ್ತಿರ ಆದಷ್ಟೂ ಚೊಲೊ ಕಾಣ್ತದೆ ಅನ್ನೋದು ತಪ್ಪು. ಬಹಳ ಫೋನಿನ ಮುಖ್ಯ ಕ್ಯಾಮೆರಾ ನಾಲ್ಕು ಬೆರಳ ಅಂತರದೊಳಗೆ ಫೋಕಸ್ ಹಿಡಿಯೋದಿಲ್ಲ.

5. ಕ್ಯಾಮೆರಾ ತೆರೆದು ಗಡಿಯಾರದಂಥ ಗುರುತು ಒತ್ತಿರಿ. 2 ಅಥವಾ 3, 5, 10 ಸೆಕೆಂಡ್ ಅಂತ ಕಾಣ್ತಾವೆ. ಫೋನಿನ ಮೇಲೆ ಅಂಕಿ ಬೇರೆ ಇರಬಹುದು, ಕೆಲಸ ಒಂದೇ. ಇಲ್ಲಿ 10 ಇಟ್ಟುಕೊಳ್ರಿ.

6. ಎಲೆಯನ್ನ ಒಂದು ಕೈಯಿಂದ ಹಿಡಿದು, ಸ್ಕ್ರೀನಿನಾಗ ಆ ಎಲೆ ಮೇಲೆಯೇ ಬೆರಳು ಒತ್ತಿ ಹಿಡೀರಿ. ಬಹಳ ಫೋನಿನಾಗ ಆ ಅಂತರಕ್ಕೆ ಫೋಕಸ್ ಬೀಗ ಹಾಕಿದಂಗ ನಿಲ್ತದೆ. ಈಗ ಶಟರ್ ಒತ್ತಿರಿ.

7. ಹತ್ತು ಸೆಕೆಂಡ್ ನಿಮ್ಮದು. ಎರಡೂ ಕೈಯಿಂದ ಎಲೆ ಮಗುಚಿ, ಅಂಚು ಬಿಡಿಸಿ, ಮೊದಲಿದ್ದ ಎತ್ತರದಾಗೇ ಹಿಡೀರಿ. ಮೊಣಕೈ ಮೊಣಕಾಲಿಗೆ ಊರಿದರೆ ಕೈ ನಡುಗೋದಿಲ್ಲ. ಎಣಿಕೆ ಮುಗಿಯೋ ಮುಂದ ಒಂದು ಕ್ಷಣ ಉಸಿರು ಬಿಗಿ ಹಿಡೀರಿ.

ಬೆಳಕಿನ ವಿಷಯ ಸಣ್ಣದು. ಮುಂಜಾನೆ ಎಂಟರಿಂದ ಹತ್ತರೊಳಗೆ ತೆಗೀರಿ. ನಿಮ್ಮ ನೆರಳು ಅರ್ಧ ಹಾಳೆ ಮೇಲೆ ಬಿದ್ದರೆ ಫೋಟೋ ಕೆಡ್ತದೆ. ಒಂದೋ ಪೂರ್ತಿ ಬಿಸಿಲಿರಲಿ, ಇಲ್ಲಾ ಪೂರ್ತಿ ನೆರಳಿರಲಿ. ಗಾಳಿ ಇದ್ದರೆ ಗಿಡದ ಮೇಲಿನ ಎಲೆ ನಿಲ್ಲೋದಿಲ್ಲ. ಸವದತ್ತಿ ಗುಡ್ಡದ ಮ್ಯಾಲ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಅಂಥಲ್ಲಿ ಕುಡಿ ಮುರಿದು ತಂದು ಟ್ರೇ ಹತ್ತಿರ ಕೂತು ತೆಗೆಯೋದೇ ಸರಿ.

ಬೆರಳೂ ಬೇಡ ಅನ್ನೋರಿಗೆ

ಜೀವಾಮೃತ ಕಲಸಿದ ಕೈ, ಸಗಣಿ ಹತ್ತಿದ ಕೈ ಸ್ಕ್ರೀನ್ ಮುಟ್ಟೋದಿಲ್ಲ. ಅದಕ್ಕೂ ದಾರಿ ಅದಾವೆ.

ಅಂಗೈ ತೋರಿಸೋದು: ಸ್ಯಾಮ್‌ಸಂಗ್‌ದಂಥ ಹಲವು ಫೋನಿನಾಗ ಕ್ಯಾಮೆರಾ ಸೆಟ್ಟಿಂಗ್ಸ್ ಒಳಗೆ 'ಶೂಟಿಂಗ್ ಮೆಥಡ್ಸ್' ಅಂತ ಇರ್ತದೆ. ಅಲ್ಲಿ 'ಶೋ ಪಾಮ್' ಚಾಲೂ ಮಾಡಿದರೆ ಅಂಗೈ ತೋರಿಸಿದ ಕೂಡಲೇ ಎಣಿಕೆ ಶುರು ಆಗ್ತದೆ. ಇದು ಹೆಚ್ಚಾಗಿ ಸೆಲ್ಫಿ ಕ್ಯಾಮೆರಾದಾಗ ನಡೀತದೆ.

ಧ್ವನಿ: ಅದೇ ಜಾಗದಾಗ 'ವಾಯ್ಸ್ ಕಮಾಂಡ್ಸ್' ಐತಿ. 'ಸ್ಮೈಲ್', 'ಚೀಸ್', 'ಕ್ಯಾಪ್ಚರ್', 'ಶೂಟ್' ಅಂದರೆ ಫೋಟೋ ಬೀಳ್ತದೆ. "ತಗೀಪಾ" ಅಂದರೆ ಅದಕ್ಕೆ ತಿಳಿಯೋದಿಲ್ಲ, ನಾ ಬೇಕಾದಷ್ಟು ಸಲ ಹೇಳಿ ನೋಡೇನಿ. ಗಾಳಿ ಜೋರಿದ್ದರೆ, ಪಂಪ್‌ಸೆಟ್ ನಡೆದಿದ್ದರೆ ಧ್ವನಿ ನಂಬಬ್ಯಾಡ್ರಿ.

ಇಯರ್‌ಫೋನ್: ವೈರ್ ಇರೋ ಹಳೇ ಇಯರ್‌ಫೋನಿನ ಧ್ವನಿ ಹೆಚ್ಚಿಸೋ ಬಟನ್ ಬಹಳ ಫೋನಿನಾಗ ಶಟರ್ ಆಗಿ ಕೆಲಸ ಮಾಡ್ತದೆ. ಫೋನ್ ಟ್ರೇ ಮೇಲೆ ಇರಲಿ, ಬಟನ್ ಒತ್ತೋದು ಮನೆಯ ಸಣ್ಣ ಹುಡುಗನೂ ಮಾಡಬಹುದು.

ಕಳಿಸಬೇಕಾದ ಐದು ಫೋಟೋ

ಒಂದು ಫೋಟೋ ಕಳಿಸಿ "ಏನ್ರೀ ಇದು?" ಅಂದರೆ ಉತ್ತರನೂ ಅಂದಾಜಿನದೇ ಬರ್ತದೆ. ಐದು ಕಳಿಸಿರಿ: ದೂರದಿಂದ ಹೊಲ; ಒಂದು ಪೂರ್ತಿ ಗಿಡ; ಮುಟುರಿದ ಕುಡಿ, ಪಕ್ಕಕ್ಕೊಂದು ಚೊಲೊ ಕುಡಿ; ಎಲೆಯ ಕೆಳಭಾಗ; ಬಿಡಿಸಿದ ಹೂ, ಇಲ್ಲಾ ಹಾಳೆ ಮೇಲೆ ಜಾಡಿಸಿದ ಹುಳ. ಹುಳದ ಪಕ್ಕದಾಗ ಒಂದು ರೂಪಾಯಿ ನಾಣ್ಯ ಇಟ್ಟರೆ ಅಳತೆ ತಿಳೀತದೆ. ಕೆಳಗೆ ಮೂರು ಸಾಲು ಬರೀರಿ: ನಾಟಿ ಮಾಡಿ ಎಷ್ಟು ದಿನ, ಎಷ್ಟು ಗಿಡಕ್ಕೆ ಬಂದೈತಿ, ಇದುವರೆಗೆ ಏನು ಸಿಂಪಡಿಸೀರಿ.

ಇನ್ನೊಂದು ಮಾತು. ವಾಟ್ಸಾಪ್ ಒಳಗಿನ ಕ್ಯಾಮೆರಾದಿಂದ ತೆಗೆಯಬ್ಯಾಡ್ರಿ. ಫೋನಿನ ಕ್ಯಾಮೆರಾದಿಂದ ತೆಗೆದು, ಎಚ್‌ಡಿ ಇಲ್ಲಾ ಡಾಕ್ಯುಮೆಂಟ್ ಆಗಿ ಕಳಿಸಿರಿ. ಸಾದಾ ಕಳಿಸಿದರೆ ವಾಟ್ಸಾಪ್ ಫೋಟೋವನ್ನ ಹಿಂಡಿ ಸಣ್ಣದು ಮಾಡ್ತದೆ, ನುಸಿ ಅದರಾಗೇ ಮಾಯ ಆಗ್ತದೆ. ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ, ನಿಮ್ಮ ರೈತ ಸಂಪರ್ಕ ಕೇಂದ್ರಕ್ಕಾಗಲಿ ಹೋಗೋ ಮುಂದ ಈ ಐದು ಫೋಟೋ ಫೋನಿನಾಗ ಇದ್ದರೆ ಅರ್ಧ ಕೆಲಸ ಮುಗಿದಂಗ. ಕಿಸಾನ್ ಕಾಲ್ ಸೆಂಟರ್‌ಗೆ (1800-180-1551) ಫೋನ್ ಮಾಡಿದರೂ ಫೋಟೋ ನೋಡಿಕೊಂಡೇ ಲಕ್ಷಣ ಹೇಳಬಹುದು.

ಬೇರೆ ಬೆಳೆಗೂ ಇದೇ ಟ್ರೇ

ರಾಮದುರ್ಗ ಕಡೆ ಗೋವಿನಜೋಳ ಬೆಳೆಯೋರು ಸುಳಿಯನ್ನ ಎರಡೂ ಕೈಯಿಂದ ಬಿಡಿಸಬೇಕು. 2018ರಲ್ಲಿ ನಮ್ಮ ರಾಜ್ಯದಾಗೇ ದೇಶಕ್ಕೆ ಮೊದಲು ಕಂಡ ಫಾಲ್ ಸೈನಿಕ ಹುಳದ ಗುರುತು ಎರಡು: ತಲೆ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರದಂಥ ಗೆರೆ, ಹಿಂಭಾಗದಾಗ ಚೌಕಾಗಿ ನಾಲ್ಕು ಚುಕ್ಕೆ. ಹುಳವನ್ನ ಹಾಳೆ ಮೇಲೆ ಹಾಕಿ ತೆಗೆದರೆ ಎರಡೂ ಕಾಣ್ತಾವೆ.

ಸವದತ್ತಿ ಕಡೆ ಕಡಲೆ ಒಣಗಿದರೆ ಗಿಡ ಕಿತ್ತು, ಕಾಂಡವನ್ನ ಉದ್ದಕ್ಕೆ ಸೀಳಿ ಹಿಡೀರಿ. ಒಳಗೆ ಕಂದು-ಕಪ್ಪು ಗೆರೆ ಇದ್ದರೆ ಸೊರಗು ರೋಗ. ಒಳಗೆ ಗೆರೆ ಇಲ್ಲದೆ ಬೇರು ಒಣಗಿ ಪಟ್ ಅಂತ ಮುರಿದರೆ ಒಣ ಬೇರು ಕೊಳೆ. ಸೀಳಿದ ಕಾಂಡ ಒಂದೇ ಕೈಯಿಂದ ತೆರೆದು ಹಿಡಿಯೋಕೆ ಆಗೋದಿಲ್ಲ.

ಕಿತ್ತೂರು ಕಡೆ ಮಳಿಗೆ ಸೋಯಾ ಹೊಲದಾಗ ನೀರು ನಿಂತರೆ ಟೈಮರ್ ಬೇರೆ ಕೆಲಸಕ್ಕೆ ಬರ್ತದೆ. ಬೆಳೆ ವಿಮೆ ಮಾಡಿಸಿದವರು ಫಸಲ್ ಬಿಮಾ ಯೋಜನೆಯಲ್ಲಿ ಇಂಥ ಸ್ಥಳೀಯ ಹಾನಿಯನ್ನ 72 ತಾಸಿನೊಳಗೆ ತಿಳಿಸಬೇಕು, ಸಹಾಯವಾಣಿ 14447. ಆ ಹೊತ್ತಿಗೆ ಜೊತೆಗೆ ಯಾರೂ ಇರೋದಿಲ್ಲ. ಬದುವಿನ ಮೇಲೆ ಫೋನ್ ನಿಲ್ಲಿಸಿ, ಲೊಕೇಶನ್ ಚಾಲೂ ಮಾಡಿ, 10 ಸೆಕೆಂಡಿನ ಟೈಮರ್ ಇಟ್ಟು ನೀವೇ ಬೆಳೆಯೊಳಗೆ ನಿಲ್ರಿ. ನೀರು ಎಲ್ಲಿಯವರೆಗೆ ಬಂದೈತಿ ಅಂತ ನಿಮ್ಮ ಕಾಲೇ ಅಳತೆ ಹೇಳ್ತದೆ. ಆದರೆ ವಿಮೆ ಆ್ಯಪ್, ಬೆಳೆ ಸಮೀಕ್ಷೆ ಆ್ಯಪ್ ತಮ್ಮದೇ ಕ್ಯಾಮೆರಾ ತೆರೆದರೆ ಅಲ್ಲಿಂದಲೇ ತೆಗೀರಿ. ಟೈಮರ್ ಫೋಟೋ ನಿಮ್ಮ ಹತ್ತಿರ ದಾಖಲೆಯಾಗಿ ಇರಲಿ.

ಎಚ್ಚರಿಕೆ

ಬಾವಿಯ ಕಟ್ಟೆ, ವಿದ್ಯುತ್ ಮೋಟಾರ್ ಪೆಟ್ಟಿಗೆ ಮೇಲೆ ಫೋನ್ ಇಡಬ್ಯಾಡ್ರಿ. ಸಿಂಪರಣೆ ನಡೆದಾಗ ಫೋನ್ ಹೊರಗೆ ತೆಗೆಯಬ್ಯಾಡ್ರಿ. ಸುಡು ಬಿಸಿಲಿನಾಗ ಐದು ನಿಮಿಷಕ್ಕಿಂತ ಹೆಚ್ಚು ಬಿಡಬ್ಯಾಡ್ರಿ. ಎಣಿಕೆ ನಡೆದಾಗ ಓಡಬ್ಯಾಡ್ರಿ. ನಾ ಒಮ್ಮೆ ಸಾಲು ಹಾರಲು ಹೋಗಿ ಟ್ರೇ ಒದ್ದು, ಫೋನಿನ ಗಾಜು ಒಡಕೊಂಡೇನಿ.

ಈ ವಾರದ ಕೆಲಸ

ರೋಗ ಬರೋವರೆಗೆ ಕಾಯಬ್ಯಾಡ್ರಿ. ನಾಳೆ ಮುಂಜಾನೆ ಚೊಲೊ ಗಿಡದ ಒಂದು ಎಲೆ ತಗೊಂಡು ಮೇಲ್ಭಾಗ, ಕೆಳಭಾಗ ಎರಡೂ ತೆಗೆದು ಇಟ್ಟುಕೊಳ್ರಿ. ಬ್ಯಾನಿ ಬಂದ ದಿನ ಹೋಲಿಸಿ ನೋಡೋಕೆ ಅದು ಬೇಕಾಗ್ತದೆ. ಹೋದ ವರ್ಷ ಅದೇ ಹೊಲದಾಗ ಮತ್ತೆ ಮುಟುರು ಕಂಡಿತು. ಈ ಸಲ ಟ್ರೇ ಬೋರಲು ಹಾಕಿ ಕೂತೆ. ಎಲೆ ಮೇಲಕ್ಕೆ ಮುಟುರಿತ್ತು, ಹಾಳೆ ಮೇಲೆ ಹುಳ ಓಡಾಡ್ತಿದ್ದವು. ಅವತ್ತೇ ಸಂಜೆ ನೀಲಿ ಹಾಳೆ ಕಟ್ಟಿದೆ, ಮರುದಿನದಿಂದ ಬೇವಿನ ಕಷಾಯ ಶುರು ಮಾಡಿದೆ. ಎಂಟು ಗಿಡ ಹೋದವು, ಹೊಲ ಉಳೀತು.