ಅಜ್ಜಿ ಬರೆದ ಗಡಿಯಾರ

ಇದು ಹಂಗಳ. ಗೋಪಾಲಸ್ವಾಮಿ ಬೆಟ್ಟಕ್ಕೆ ಇಲ್ಲೇ ತಿರುಗಬೇಕು.

ಊರಿನ ಒಂದು ಮನೆ. ಅಜ್ಜಿ ಒಲೆ ಹಚ್ಚಿ ಮರೆತರು. ಹೊಲದಿಂದ ಬರುವಾಗ ದಾರಿ ತಪ್ಪಿದರು.

"ಅರವತ್ತಕ್ಕೆ ಅರಳು ಮರಳು. ಬಿಡು" ಅಂದ ಮಗ.

ಸೊಸೆ ಬಿಡಲಿಲ್ಲ. ಗುಂಡ್ಲುಪೇಟೆ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರು ಹಾಳೆ, ಪೆನ್ಸಿಲ್ ಕೊಟ್ಟರು.

"ಅಜ್ಜಿ, ಗಡಿಯಾರ ಬರೀರಿ. 1ರಿಂದ 12 ಅಂಕಿ ಹಾಕಿ. 11 ಗಂಟೆ 10 ನಿಮಿಷ ತೋರಿಸಿ."

ಅಜ್ಜಿ ದುಂಡಗೆ ಗೆರೆ ಎಳೆದರು. ಅಂಕಿಗಳೆಲ್ಲ ಒಂದೇ ಕಡೆ ಸೇರಿದವು. ಮುಳ್ಳು ಬರೆಯಲಿಲ್ಲ.

"ಇವರಿಗೆ ಮೊದಲು ಗಡಿಯಾರ ನೋಡೋಕೆ ಬರ್ತಿತ್ತಾ?" ಡಾಕ್ಟರು ಕೇಳಿದರು.

"ಬರ್ತಿತ್ತು. ರಾತ್ರಿ ಶಾಲೇಲಿ ಕಲಿತಿದ್ರು."

"ಹಾಗಾದ್ರೆ ಇನ್ನೂ ಪರೀಕ್ಷೆ ಮಾಡಬೇಕು. ಅಕ್ಷರ ಕಲಿಯದವರು ಗಡಿಯಾರ ಬರೆಯದಿದ್ದರೆ ಅದು ಕಾಯಿಲೆ ಅಲ್ಲ. ಈ ಚಿತ್ರ ಒಂದರಿಂದಲೇ ಕಾಯಿಲೆ ಅಂತ ಹೇಳೋಕಾಗಲ್ಲ."

"ಮರೆವಿಗೆ ಮದ್ದಿದೆಯಾ ಸಾರ್?"

"ಥೈರಾಯ್ಡ್ ತೊಂದರೆ, ಬಿ12 ಕೊರತೆ, ಮನಸ್ಸಿನ ಖಿನ್ನತೆ. ಇವುಗಳಿಂದಲೂ ಮರೆವು ಬರುತ್ತೆ. ಇವಕ್ಕೆ ಮದ್ದಿದೆ. ಮಿದುಳು ಸವೆಯುವ ಕಾಯಿಲೆ ಆದರೆ ಪೂರ್ತಿ ವಾಸಿಯಾಗಲ್ಲ. ಆದರೂ ಬೇಗ ಗೊತ್ತಾದರೆ ಚೆನ್ನಾಗಿ ನೋಡಿಕೊಳ್ಳಬಹುದು. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಡ್ತೀನಿ."

ಸೊಸೆ ಅಜ್ಜಿಯ ಕೈ ಹಿಡಿದು ಬಸ್ ಹತ್ತಿಸಿದಳು.

ಯೋಚಿಸಿ, ಹೇಳಿ: ಮನೆಯ ಹಿರಿಯರು ದಾರಿ ಮರೆತರೆ ನೀವು ಏನು ಮಾಡುತ್ತೀರಿ? ಬೈಯುತ್ತೀರಾ? ಡಾಕ್ಟರಿಗೆ ತೋರಿಸುತ್ತೀರಾ?