ಧರಿಸುವ ಕ್ರಮ, ಕಳಚುವ ಸಂಯಮ

2020ರ ಮಾರ್ಚಿನಲ್ಲಿ ನೆರೆಯ ಕಲಬುರಗಿಯಲ್ಲಿ ಭಾರತದ ಪ್ರಥಮ ಕೋವಿಡ್ ಮರಣವು ಸಂಭವಿಸಿ, ಆ ರೋಗಿಗೆ ಚಿಕಿತ್ಸೆ ನೀಡಿದ ವೈದ್ಯರೊಬ್ಬರಿಗೂ ಸೋಂಕು ತಗುಲಿತೆಂಬ ವಾರ್ತೆ ಹಬ್ಬಿದಾಗ, ಶುಶ್ರೂಷೆ ಮಾಡುವವರ ರಕ್ಷಣೆಯೂ ಶುಶ್ರೂಷೆಯ ಒಂದು ಅಂಗವೇ ಎಂಬ ಸತ್ಯವು ಬೀದರ ಸೀಮೆಗೂ ಮನದಟ್ಟಾಯಿತು. ಬೀದರಿನ ವೈದ್ಯಕೀಯ ಕಾಲೇಜಾದ ಬ್ರಿಮ್ಸ್‌ನ ವೈದ್ಯರಿಂದ ಮೊದಲ್ಗೊಂಡು, ಭಾಲ್ಕಿ, ಔರಾದಗಳ ಆಸ್ಪತ್ರೆಯ ಸಿಸ್ಟರುಗಳು, ಕಸ ಹೊರುವ ಸಿಬ್ಬಂದಿ, ಓಣಿ ತಿರುಗುವ ಆಶಾ ಕಾರ್ಯಕರ್ತೆಯರವರೆಗೆ ಎಲ್ಲರೂ ರಕ್ಷಣಾ ಉಡುಪನ್ನು ಧರಿಸಿ ಕಳಚುವಾಗ ಅನುಸರಿಸಬೇಕಾದ ವಿಧಾನವಿದು. ಬೆಳ್ಳಿಯನ್ನು ಕೂರಿಸಿದ ಮೇಲಷ್ಟೇ ಕೋಟೆಯ ಮಣ್ಣಿನಿಂದ ಪಾತ್ರೆಗೆ ಕೊನೆಯ ಕಪ್ಪು ಬರಿಸುವ ನಮ್ಮ ಬಿದರಿ ಕುಶಲಕರ್ಮಿಯಂತೆ, ಇಲ್ಲಿಯೂ ಕ್ರಮವೇ ಪ್ರಾಣ.

1. ಕೈ ಶುದ್ಧಿ

ರೋಗಿಯನ್ನು ಮುಟ್ಟುವ ಮುನ್ನ, ಸೂಜಿ ಚುಚ್ಚುವುದೇ ಮೊದಲಾದ ಶುದ್ಧ ಕಾರ್ಯದ ಮುನ್ನ, ರಕ್ತಾದಿ ದ್ರವಗಳು ಸೋಕಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಆತನ ಹಾಸಿಗೆಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ಮೇಲೆ, ಹೀಗೆ ಐದು ಸಂದರ್ಭಗಳಲ್ಲಿ ಕೈ ಶುದ್ಧವಾಗತಕ್ಕದ್ದು. ಸಾಬೂನು ನೀರಿನಿಂದಾದರೆ 40ರಿಂದ 60 ಸೆಕೆಂಡು, ಸ್ಯಾನಿಟೈಸರಿನಿಂದಾದರೆ 20ರಿಂದ 30 ಸೆಕೆಂಡು. ಕಣ್ಣಿಗೆ ಕಾಣುವ ಕೊಳೆ ಇದ್ದಲ್ಲಿ ಸಾಬೂನೇ ಬೇಕು. 1847ರಲ್ಲಿ ವಿಯೆನ್ನಾದ ವೈದ್ಯ ಸೆಮ್ಮೆಲ್‌ವೈಸನು ಇತರ ವೈದ್ಯರಿಂದ ಸುಣ್ಣ-ಕ್ಲೋರಿನಿನ ನೀರಿನಲ್ಲಿ ಕೈ ತೊಳೆಯಿಸಿ ಬಾಣಂತಿಯರ ಸಾವನ್ನು ತಗ್ಗಿಸಿದುದು ಈ ನಿಯಮದ ಹಿರಿಮೆಗೆ ಸಾಕ್ಷಿ.

2. ಧಾರಣೆ

ಕೈ ತೊಳೆದು ಮೊದಲು ಗೌನು, ಬಳಿಕ ಎನ್-95 ಮಾಸ್ಕು, ಅನಂತರ ಕನ್ನಡಕ, ಕಡೆಗೆ ಗೌನಿನ ತೋಳಿನ ಅಂಚನ್ನು ಮುಚ್ಚುವಂತೆ ಗ್ಲೌಸು. ಮಾಸ್ಕನ್ನು ಎರಡೂ ಅಂಗೈಗಳಿಂದ ಆವರಿಸಿ ಉಸಿರು ಬಿಡಿರಿ; ಅಂಚಿನಲ್ಲಿ ಗಾಳಿ ನುಸುಳಿದರೆ ಮೂಗಿನ ಮೇಲಿನ ಪಟ್ಟಿಯನ್ನು ಮತ್ತೆ ಒತ್ತಿರಿ. ದಟ್ಟವಾದ ಗಡ್ಡವು ಈ ಬಿಗಿತವನ್ನು ಕೆಡಿಸುತ್ತದೆ.

3. ಕಳಚುವಿಕೆ

ಅಪಾಯವು ಹೆಚ್ಚಾಗಿ ಹೊಂಚುವುದು ಇಲ್ಲಿಯೇ. ವೈಶಾಖದ ಬಿಸಿಲಿನಲ್ಲಿ ಪಾಳಿ ಮುಗಿಸಿ, ಬೆವರಿನಿಂದ ಕನ್ನಡಕ ಮಸುಕಾದ ಸಿಸ್ಟರೊಬ್ಬಳ ಕೈ ತನಗರಿವಿಲ್ಲದೆಯೇ ಹಣೆಯತ್ತ ಏರುತ್ತದೆ. ಆ ಕ್ಷಣದಲ್ಲಿ ಬಳಿಯಿದ್ದವಳು, ‘ಅಕ್ಕಾ, ಕೈ ಮುಖಕ್ಕ ಒಯ್ಯಬ್ಯಾಡ್ರಿ’ ಎಂದು ತಡೆದರೆ ಅದೇ ದೊಡ್ಡ ರಕ್ಷೆ. ಆದುದರಿಂದ ಒಬ್ಬರು ಕಳಚುವಾಗ ಮತ್ತೊಬ್ಬರು ನೋಡುತ್ತಿರಲಿ. ಹೊರಮೈ ಒಳಗಾಗುವಂತೆ ಗ್ಲೌಸು, ಗೌನು, ಅನಂತರ ಕನ್ನಡಕ. ಕೊಠಡಿಯಿಂದ ಹೊರಬಂದ ಮೇಲೆ, ಮುಂಭಾಗವನ್ನು ಮುಟ್ಟದೆ ಹಿಂದಿನ ದಾರಗಳಿಂದ ಮಾಸ್ಕು. ಪ್ರತಿ ಹಂತದಲ್ಲಿಯೂ ಕೈ ಶುದ್ಧಿ.

4. ವಿಲೇವಾರಿ

ಮಾಸ್ಕು, ಗೌನುಗಳು ಹಳದಿ ಚೀಲಕ್ಕೆ, ಗ್ಲೌಸು ಕೆಂಪಿಗೆ, ಸೂಜಿಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ತೊಡಿಸಬಾರದು. ನೆಲವನ್ನು ಒರೆಸಲು ಶೇಕಡಾ 1ರ ಹೈಪೋಕ್ಲೋರೈಟ್ ದ್ರಾವಣವನ್ನು ಅಂದಂದೇ ಕಲಸಿರಿ.

5. ಹಿರಿಯರ ಹೊಣೆ

ನಲ್ಲಿಯಲ್ಲಿ ನೀರಿಲ್ಲದೆ, ಹಾಸಿಗೆಯ ಬಳಿ ಸ್ಯಾನಿಟೈಸರಿಲ್ಲದೆ, ಮಾಸ್ಕು ಎಣಿಕೆಗೆ ಸಾಲದೆ ಇರುವಲ್ಲಿ ನಿಯಮ ಪಾಲಿಸಲಿಲ್ಲವೆಂದು ಕೆಳಗಿನವರನ್ನು ದೂಷಿಸುವುದು ಅನ್ಯಾಯ. ಪಾಳಿಯ ನಡುವೆ ವಿಶ್ರಾಂತಿಯನ್ನೂ ಕುಡಿಯುವ ನೀರನ್ನೂ ಒದಗಿಸಬೇಕು. ತಪ್ಪನ್ನು ತೋರಿಸಿಕೊಟ್ಟ ಆಯಾಳ ಮಾತಿಗೆ ಹಿರಿಯ ವೈದ್ಯರೂ ತಲೆಬಾಗಬೇಕು. ಪಾಳಿ ಮುಗಿಸಿ ಮನೆಗೆ ಹೋದ ತಾಯಿಯು ಓಡಿಬರುವ ಮಗುವನ್ನು ಅಳುಕಿಲ್ಲದೆ ಎತ್ತಿಕೊಳ್ಳುವಂತಾಗಲೆಂಬುದೇ ಈ ಕ್ರಮಗಳೆಲ್ಲದರ ಉದ್ದೇಶ.